ಹಣ್ಣಿನ ಹೂರಣದ ಕರ್ಚಿಕಾಯಿ: ಮನೆಯಲ್ಲಿ ಮಾಡುವ ಬಗೆ

ಕಲಬುರಗಿ, ಬೀದರ ಕಡೆಯ ಮನೆಗಳಲ್ಲಿ ದೀಪಾವಳಿಗೆ ಕರಿಯುವ ಕರ್ಚಿಕಾಯಿಯೊಳಗೆ ಒಣಕೊಬ್ಬರಿ, ಪುಟಾಣಿ, ಸಕ್ಕರೆ, ಗಸಗಸೆ, ಯಾಲಕ್ಕಿ ಇರುತ್ತವೆ. ಎಲ್ಲವೂ ಒಣ ಪದಾರ್ಥಗಳಾದ್ದರಿಂದ ಎಣ್ಣೆಯಲ್ಲಿ ಒಡೆಯುವ ಭಯ ಕಡಿಮೆ, ಡಬ್ಬಿಯಲ್ಲಿ ಹಾಕಿಟ್ಟರೆ ಎರಡು ವಾರವಾದರೂ ಗರಿಗರಿಯಾಗಿಯೇ ಉಳಿಯುತ್ತವೆ. ಅದೇ ಅರ್ಧಚಂದ್ರದ ಆಕಾರದಲ್ಲಿ ಹಣ್ಣನ್ನು ತುಂಬಿ ಕರಿಯುವ ಪದ್ಧತಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಹಳ ಹಿಂದಿನಿಂದ ಇದೆ. ಅಲ್ಲಿ ಇದಕ್ಕೆ ಫ್ರೈಡ್ ಪೈ ಎನ್ನುತ್ತಾರೆ, ಮತ್ತು ಹಳೆಯ ಕ್ರಮದಲ್ಲಿ ಒಣಗಿಸಿದ ಸೇಬು, ಪೀಚ್, ಖುಬಾನಿ (ಏಪ್ರಿಕಾಟ್) ಹಣ್ಣುಗಳನ್ನು ನೆನೆಸಿ ಬೇಯಿಸಿ ಹೂರಣ ಮಾಡುತ್ತಾರೆ. ಒಣಹಣ್ಣು ವರ್ಷವಿಡೀ ಸಿಗುತ್ತಿತ್ತು ಎಂಬುದು ಅದಕ್ಕೆ ಒಂದು ಕಾರಣ. ಆದರೆ ಅಡುಗೆಯ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದ ಲಾಭವೆಂದರೆ, ಒಣಹಣ್ಣಿನ ಹೂರಣದಲ್ಲಿ ಎಷ್ಟು ನೀರಿರಬೇಕು ಎಂಬುದು ಮಾಡುವವರ ಕೈಯಲ್ಲೇ ಇರುತ್ತದೆ.

ಈ ತಿನಿಸಿನ ಗೆಲುವು ಸೋಲು ನಿಂತಿರುವುದು ಈ ನೀರಿನ ಮೇಲೆಯೇ. ಪೇರಲ ಹಣ್ಣಿನಲ್ಲಿ ತೂಕದ ನೂರಕ್ಕೆ ಸುಮಾರು 80 ಭಾಗ, ಬಾಳೆಹಣ್ಣಿನಲ್ಲಿ ಸುಮಾರು 75 ಭಾಗ ನೀರೇ ಇರುತ್ತದೆ. ಆ ನೀರು ಎಣ್ಣೆಯ ಕಾವಿಗೆ ಆವಿಯಾಗುವಾಗ ತನ್ನ ಮೂಲ ಗಾತ್ರಕ್ಕಿಂತ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಹಿಗ್ಗಿದ ಆವಿಗೆ ಹೊರಹೋಗಲು ದಾರಿ ಬೇಕು. ಅಂಚು ಎಲ್ಲಿ ಸಡಿಲವಾಗಿದೆಯೋ ಅಲ್ಲಿಂದ ಅದು ಬಿರಿದು ಬರುತ್ತದೆ, ಜೊತೆಗೆ ಸಕ್ಕರೆಯ ರಸವನ್ನೂ ಎಳೆದು ತಂದು ಎಣ್ಣೆಯನ್ನೆಲ್ಲ ಕಪ್ಪಾಗಿಸುತ್ತದೆ. ಒಡೆಯದೆ ಉಳಿದರೂ ತಪ್ಪಲಿಲ್ಲ, ಒಳಗಿನ ತೇವ ಹಾಳೆಗೆ ಇಳಿದು ಅರ್ಧ ಗಂಟೆಯಲ್ಲಿ ಕರ್ಚಿಕಾಯಿಯ ತಳ ಮೆತ್ತಗಾಗುತ್ತದೆ. ಆದ್ದರಿಂದ ಹಣ್ಣಿನ ನೀರನ್ನು ಎಣ್ಣೆಗೆ ಬಿಡುವ ಮೊದಲೇ ಒಲೆಯ ಮೇಲೆ ಇಂಗಿಸಬೇಕು. ಹಿಟ್ಟು ನಾದುವುದು, ಲಟ್ಟಿಸುವುದು ಕರ್ಚಿಕಾಯಿ ಮಾಡುವ ಎಲ್ಲರಿಗೂ ಗೊತ್ತಿರುವ ಕೆಲಸ. ಹೊಸದಾಗಿ ಕಲಿಯಬೇಕಾದದ್ದು ಹೂರಣದ ಹದ ಒಂದನ್ನೇ.

ಇಲ್ಲಿ ಕೊಟ್ಟಿರುವ ಅಳತೆ ಹನ್ನೆರಡು ಕರ್ಚಿಕಾಯಿಗೆ ಸಾಲುತ್ತದೆ. ಹೊರಗಿನ ಹಾಳೆಗೆ 250 ಗ್ರಾಂ ಮೈದಾ, 50 ಗ್ರಾಂ ಚಿರೋಟಿ ರವೆ, 60 ಗ್ರಾಂ ತುಪ್ಪ, ಮೂರು ದೊಡ್ಡ ಚಮಚ ಹುಳಿ ಮೊಸರು, ಅರ್ಧ ಸಣ್ಣ ಚಮಚ ಉಪ್ಪು, ಒಂದು ಸಣ್ಣ ಚಮಚ ಸಕ್ಕರೆ ಮತ್ತು ಸುಮಾರು 80 ಮಿಲಿಲೀಟರ್ ತಣ್ಣೀರು ಬೇಕು. ಹೂರಣ ಸಿದ್ಧವಾದ ಮೇಲೆ 350ರಿಂದ 400 ಗ್ರಾಂ ಇರಬೇಕು, ಅಂದರೆ ಒಂದೊಂದಕ್ಕೆ 30 ಗ್ರಾಂ, ಚಮಚದ ಲೆಕ್ಕದಲ್ಲಿ ಒಂದೂವರೆಯಿಂದ ಎರಡು ದೊಡ್ಡ ಚಮಚ. ಹೂರಣವನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಬಿಸಿ ಹೂರಣವನ್ನು ಹಾಳೆಯ ಮೇಲೆ ಇಟ್ಟರೆ ಹಾಳೆಯೊಳಗಿನ ತುಪ್ಪ ಕರಗಿ ಹಾಳೆ ಅಲ್ಲಿಯೇ ಹರಿದುಹೋಗುತ್ತದೆ, ಹಾಗಾಗಿ ಹೂರಣ ಪೂರ್ತಿ ತಣಿದಿರಲೇಬೇಕು.

ಯಾವ ಹಣ್ಣು ಎಂಬ ಪ್ರಶ್ನೆಗೆ ನನ್ನ ಮೊದಲ ಉತ್ತರ ಪೇರಲ. ಚಳಿಗಾಲದಲ್ಲಿ ಬೀದರಿನ ಪೇರಲ ನಮ್ಮ ಭಾಗದ ಸಂತೆಗಳಲ್ಲೆಲ್ಲ ಬುಟ್ಟಿಗಟ್ಟಲೆ ಬರುತ್ತದೆ, ಬೆಲೆಯೂ ಕೈಗೆಟಕುವಂತಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಪೇರಲದಲ್ಲಿ ಪೆಕ್ಟಿನ್ ಎಂಬ ಅಂಶ ಹೇರಳವಾಗಿದೆ. ಸಕ್ಕರೆ ಮತ್ತು ಹುಳಿಯೊಂದಿಗೆ ಕುದಿಸಿದಾಗ ಜಾಮ್ ಗಟ್ಟಿಯಾಗುವುದು ಈ ಪೆಕ್ಟಿನ್‌ನಿಂದಲೇ. ಆದ್ದರಿಂದ ಪೇರಲದ ಹೂರಣಕ್ಕೆ ಕಾರ್ನ್‌ಫ್ಲೋರ್ ಆಗಲಿ, ಇನ್ನಾವುದೇ ಹಿಟ್ಟಾಗಲಿ ಬೇಕಾಗುವುದಿಲ್ಲ. ಒತ್ತಿದರೆ ಸ್ವಲ್ಪ ತಗ್ಗುವ, ವಾಸನೆ ಬಿಡುತ್ತಿರುವ, ಆದರೆ ಇನ್ನೂ ಕೊಳೆಯದ ಹಣ್ಣನ್ನು ಆರಿಸಿಕೊಳ್ಳಬೇಕು. ಪೂರ್ತಿ ಕಾಯಿಯಾದ ಪೇರಲ ಬೆಂದರೂ ಒಗರು ಬಿಡುವುದಿಲ್ಲ.

ಮುಕ್ಕಾಲು ಕಿಲೋ ಪೇರಲವನ್ನು ತೊಳೆದು, ತೊಟ್ಟು ತೆಗೆದು, ನಾಲ್ಕು ಹೋಳು ಮಾಡಿ, ಒಂದು ಲೋಟ ನೀರಿನೊಂದಿಗೆ ಮುಚ್ಚಿ ಹದಿನೈದು ನಿಮಿಷ ಬೇಯಿಸಬೇಕು. ಮೆತ್ತಗಾದ ಹೋಳುಗಳನ್ನು ಜರಡಿಯ ಮೇಲೆ ಹಾಕಿ ಚಮಚದ ಬೆನ್ನಿನಿಂದ ಉಜ್ಜಿದರೆ ತಿರುಳು ಕೆಳಗಿಳಿದು ಬೀಜ ಮೇಲೆ ಉಳಿಯುತ್ತದೆ. ಮಿಕ್ಸಿಗೆ ಹಾಕುವ ಆಸೆಯನ್ನು ಇಲ್ಲಿ ತಡೆದುಕೊಳ್ಳಬೇಕು, ಏಕೆಂದರೆ ಬೀಜ ಒಡೆದರೆ ಹೂರಣದಲ್ಲಿ ಮರಳು ಸಿಕ್ಕಂತಾಗುತ್ತದೆ ಮತ್ತು ಅದನ್ನು ಆಮೇಲೆ ಸೋಸಿ ತೆಗೆಯಲು ಬರುವುದಿಲ್ಲ. ತಿರುಳನ್ನು ದಪ್ಪ ತಳದ ಸ್ಟೀಲ್ ಪಾತ್ರೆಗೆ ಹಾಕಿ ಮಧ್ಯಮ ಉರಿಯಲ್ಲಿ ಕೆದಕುತ್ತ ಇಂಗಿಸಬೇಕು. ಕಬ್ಬಿಣದ ಬಾಣಲೆಯಲ್ಲಿ ಹುಳಿ ಹಣ್ಣು ಬಣ್ಣಗೆಟ್ಟು ಕಬ್ಬಿಣದ ರುಚಿ ಹಿಡಿಯುವುದರಿಂದ ಅದು ಈ ಕೆಲಸಕ್ಕೆ ಬೇಡ. ತಿರುಳು ಅರ್ಧಕ್ಕಿಳಿದ ಮೇಲೆ 150 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ ನಿಂಬೆ ರಸ, ಒಂದು ಚಿಟಿಕೆ ಉಪ್ಪು ಸೇರಿಸಬೇಕು. ಸಕ್ಕರೆಯನ್ನು ಮೊದಲೇ ಹಾಕಿದರೆ ಇಂಗಲು ಬೇಕಾದ ಅಷ್ಟೂ ಹೊತ್ತು ಅದು ಕಾಯುತ್ತಿದ್ದು ಹೂರಣ ಕಂದಾಗುತ್ತದೆ, ತಳ ಹಿಡಿಯುವ ಸಂಭವವೂ ಹೆಚ್ಚು.

ಸಕ್ಕರೆ ಬಿದ್ದೊಡನೆ ಹೂರಣ ಮತ್ತೆ ನೀರಾಗುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಮುಂದಿನ ಹತ್ತು ಹನ್ನೆರಡು ನಿಮಿಷಗಳಲ್ಲಿ ಅದು ಹೇಗೆ ಬದಲಾಗುತ್ತದೆ ಎಂಬುದನ್ನು ಕಣ್ಣಿಟ್ಟು ನೋಡಬೇಕು. ಮೊದಲು ಸಣ್ಣ ಗುಳ್ಳೆಗಳು ಒತ್ತೊತ್ತಾಗಿ ಏಳುತ್ತವೆ, ಮೇಲ್ಮೈ ನೀರಿನಂತೆ ಹೊಳೆಯುತ್ತದೆ. ನಂತರ ಗುಳ್ಳೆಗಳು ದೊಡ್ಡವಾಗಿ, ವಿರಳವಾಗಿ, ಭಾರವಾಗಿ ಒಡೆಯತೊಡಗುತ್ತವೆ. ಈ ಹಂತದಲ್ಲಿ ಹೂರಣ ಕೈಗೆ ಸಿಡಿಯುವುದರಿಂದ ಉದ್ದ ಹಿಡಿಯ ಸೌಟು ಬೇಕು ಮತ್ತು ಉರಿ ಸಣ್ಣದಾಗಬೇಕು. ಸೌಟಿನಿಂದ ಪಾತ್ರೆಯ ತಳದಲ್ಲಿ ಒಂದು ಗೆರೆ ಎಳೆದರೆ ಆರಂಭದಲ್ಲಿ ಅದು ತಕ್ಷಣ ಮುಚ್ಚಿಕೊಳ್ಳುತ್ತದೆ. ಎಳೆದ ಗೆರೆ ಎರಡು ಮೂರು ಸೆಕೆಂಡು ತೆರೆದೇ ಇದ್ದು, ಪಾತ್ರೆಯ ತಳ ಸ್ಪಷ್ಟವಾಗಿ ಕಂಡು, ಆಮೇಲೆ ಅಂಚುಗಳು ನಿಧಾನವಾಗಿ ಕೂಡಿಕೊಂಡರೆ ಒಲೆ ಆರಿಸುವ ಸಮಯ ಬಂತೆಂದು ತಿಳಿಯಬೇಕು. ತಣಿದ ಮೇಲೆ ಅದು ಹೋಳಿಗೆಯ ಹೂರಣದಂತೆ ಉಂಡೆ ಕಟ್ಟುವಷ್ಟು ಗಟ್ಟಿಯಾಗುತ್ತದೆ. ಆಗದಿದ್ದರೆ ಮತ್ತೆ ಒಲೆಗೆ ಇಟ್ಟು ಇಂಗಿಸಬಹುದು, ಇದರಲ್ಲಿ ಕೆಡುವುದೇನೂ ಇಲ್ಲ.

ಪೇರಲಕ್ಕೆ ಯಾಲಕ್ಕಿಗಿಂತ ಕಾಳುಮೆಣಸು ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾವು ಹಣ್ಣನ್ನು ಉಪ್ಪು, ಖಾರ ಹಚ್ಚಿಕೊಂಡು ತಿನ್ನುವವರಾದ್ದರಿಂದ ಆ ರುಚಿ ನಾಲಿಗೆಗೆ ಪರಿಚಿತವೇ. ಹೊಸದಾಗಿ ಕುಟ್ಟಿದ ಕಾಲು ಚಮಚ ಮೆಣಸಿನ ಪುಡಿಯನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸಿದರೆ ಸಾಕು.

ಎರಡನೆಯ ಹಣ್ಣು ಕಮಲಾಪುರದ ಕೆಂಪು ಬಾಳೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರದ ಸುತ್ತಲಿನ ಊರುಗಳಲ್ಲಿ ಬೆಳೆಯುವ ಈ ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಬೆಲೆ ಸಾಮಾನ್ಯ ಬಾಳೆಗಿಂತ ಹೆಚ್ಚಾದರೂ ಅದರ ತಿರುಳಿನ ಸುವಾಸನೆ ಕರಿದ ಮೇಲೂ ಉಳಿಯುತ್ತದೆ. ಸಿಪ್ಪೆ ಸುಲಿದ ತೂಕ 450 ಗ್ರಾಂ ಆಗುವಷ್ಟು ಹಣ್ಣನ್ನು ಸಣ್ಣ ತುಂಡು ಮಾಡಿ, ಕೂಡಲೇ ಎರಡು ಸಣ್ಣ ಚಮಚ ನಿಂಬೆ ರಸ ಕಲಸಬೇಕು; ತಡವಾದರೆ ಬಾಳೆ ಕಪ್ಪಾಗುತ್ತದೆ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಹಾಕಿ ಐದಾರು ನಿಮಿಷ ಬಾಡಿಸಿ, 60 ಗ್ರಾಂ ಪುಡಿ ಬೆಲ್ಲ ಸೇರಿಸಿ, ಬೆಲ್ಲದ ನೀರು ಇಂಗುವವರೆಗೆ ಕೈಯಾಡಿಸಬೇಕು. ಬಾಳೆಯಲ್ಲಿ ಪೇರಲದಷ್ಟು ಪೆಕ್ಟಿನ್ ಇಲ್ಲದಿರುವುದರಿಂದ ಕೊನೆಯಲ್ಲಿ ಒಂದು ದೊಡ್ಡ ಚಮಚ ಪುಟಾಣಿ ಹಿಟ್ಟನ್ನು ಬೆರೆಸಿದರೆ ಉಳಿದ ತೇವವನ್ನು ಅದು ಹೀರಿಕೊಳ್ಳುತ್ತದೆ. ಪುಟಾಣಿ ಮೊದಲೇ ಹುರಿದದ್ದಾದ್ದರಿಂದ ಹಸಿ ಹಿಟ್ಟಿನ ರುಚಿ ಬರುವುದಿಲ್ಲ. ಇಲ್ಲಿ ಯಾಲಕ್ಕಿ ಬೇಕೇ ಬೇಕು. ಸಿಪ್ಪೆಯ ಮೇಲೆ ಕಪ್ಪು ಮಚ್ಚೆ ತುಂಬಿದ ಅತಿಹಣ್ಣು ಮಾತ್ರ ಬೇಡ, ಅದು ಬೆಂದರೆ ಅಂಟಾಗುತ್ತದೆ.

ಖುಬಾನಿ ಎಲ್ಲಕ್ಕಿಂತ ಸುಲಭ, ಮತ್ತು ಅಮೆರಿಕದವರ ಹಳೆಯ ಪದ್ಧತಿಗೆ ಅತಿ ಹತ್ತಿರ. ಹೈದರಾಬಾದಿನ ಪ್ರಭಾವದಿಂದ ಖುಬಾನಿ ಕಾ ಮೀಠಾ ನಮ್ಮ ಕಡೆಯ ಮದುವೆ ಊಟಗಳಲ್ಲಿ ಬೇರೂರಿರುವುದರಿಂದ ಒಣ ಖುಬಾನಿ ಕಲಬುರಗಿ, ಬೀದರಿನ ಕಿರಾಣಿ ಅಂಗಡಿಗಳಲ್ಲಿ ಸಿಗುತ್ತದೆ. 250 ಗ್ರಾಂ ಖುಬಾನಿಯನ್ನು ತೊಳೆದು, ಮುಳುಗುವಷ್ಟು ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬೀಜ ಬಿಡಿಸಿ, ನೆನೆಸಿದ ನೀರಿನಲ್ಲಿಯೇ ಬೇಯಿಸಿ ಮಸೆಯಬೇಕು. ಸಕ್ಕರೆ ನಾಲ್ಕೈದು ಚಮಚ ಸಾಕು. ಬೀಜ ಒಡೆದರೆ ಒಳಗೆ ಬಾದಾಮಿಯ ರುಚಿಯ ಪುಟ್ಟ ತಿರುಳು ಸಿಗುತ್ತದೆ, ಅದನ್ನು ಸೀಳಿ ಹೂರಣಕ್ಕೆ ಸೇರಿಸಬಹುದು. ಕಹಿಯಾಗಿರುವ ತಿರುಳನ್ನು ಮಾತ್ರ ಬಿಸಾಡಲೇಬೇಕು, ಅದು ದೇಹಕ್ಕೆ ಒಳ್ಳೆಯದಲ್ಲ.

ಬೇಸಿಗೆಯಲ್ಲಿ ನಾರಿಲ್ಲದ, ಇನ್ನೂ ಗಟ್ಟಿಯಾಗಿರುವ ಮಾವಿನ ಹಣ್ಣನ್ನು ಪೇರಲದ ಕ್ರಮದಲ್ಲಿಯೇ ಇಂಗಿಸಬಹುದು. ಸೀತಾಫಲವನ್ನು ಮಾತ್ರ ಈ ಕೆಲಸಕ್ಕೆ ಬಳಸಬಾರದು. ನಮ್ಮ ಗುಡ್ಡಗಳಲ್ಲಿ ಅದು ಎಷ್ಟೇ ಸಮೃದ್ಧವಾಗಿ ಬೆಳೆದರೂ, ಎಷ್ಟೇ ರುಚಿಯಾಗಿದ್ದರೂ, ಅದರ ತಿರುಳು ಬಿಸಿ ತಾಗಿದರೆ ಕಹಿಯಾಗುತ್ತದೆ. ಸೀತಾಫಲದ ಬಾಸುಂದಿ ಮಾಡುವವರು ಹಾಲು ತಣಿದ ಮೇಲೆಯೇ ತಿರುಳು ಬೆರೆಸುವುದು ಈ ಕಾರಣಕ್ಕೆ.

ಇನ್ನು ಹಿಟ್ಟಿನ ವಿಷಯ. ಮೈದಾ, ರವೆ, ಉಪ್ಪು, ಸಕ್ಕರೆಯನ್ನು ಬೆರೆಸಿ, ತುಪ್ಪವನ್ನು ಕಾಸಿ ಮೇಲೆ ಸುರಿದು, ಮೊದಲು ಚಮಚದಿಂದ, ಆಮೇಲೆ ಬೆರಳುಗಳಿಂದ ಹಿಟ್ಟಿನ ಪ್ರತಿಯೊಂದು ಕಣಕ್ಕೂ ತಾಗುವಂತೆ ಉಜ್ಜಬೇಕು. ಹಿಡಿಯಲ್ಲಿ ಒತ್ತಿದರೆ ಮುಷ್ಟಿಯ ಆಕಾರದಲ್ಲಿ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ತುಪ್ಪ ಹಿಟ್ಟಿನ ಕಣಗಳಿಗೆ ಹೀಗೆ ಲೇಪವಾದಾಗ ನೀರು ಸೇರಿದ ಮೇಲೆ ಉಂಟಾಗುವ ಜಿಗುಟಿನ ಎಳೆ, ಅಂದರೆ ಗ್ಲುಟೆನ್, ಉದ್ದಕ್ಕೆ ಬೆಳೆಯುವುದಿಲ್ಲ, ಆದ್ದರಿಂದಲೇ ಕರಿದ ಹಾಳೆ ಬಾಯಲ್ಲಿ ಪುಡಿಯಾಗುತ್ತದೆ. ಆದರೆ ತುಪ್ಪ ಅತಿಯಾದರೆ ಹಾಳೆಗೆ ಹಿಡಿತವೇ ಇಲ್ಲದೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಒಣ ಹೂರಣದ ಕರ್ಚಿಕಾಯಿಗಿಂತ ಇಲ್ಲಿ ಹಾಳೆ ಸ್ವಲ್ಪ ಗಟ್ಟಿಮುಟ್ಟಾಗಿರಬೇಕಾದ್ದರಿಂದ, ಮೇಲೆ ಹೇಳಿದ 60 ಗ್ರಾಂ ಮೀರಬಾರದು.

ಮೊಸರು ಹಾಕುವುದು ಅಮೆರಿಕದವರು ಮಜ್ಜಿಗೆ ಹಾಕುವ ಕ್ರಮವನ್ನು ಹೋಲುತ್ತದೆ. ಅದರ ಹುಳಿ ಹಾಳೆಯನ್ನು ಮೃದುಗೊಳಿಸುತ್ತದೆ, ಹಾಲಿನ ಅಂಶ ಹೊಂಬಣ್ಣ ತರುತ್ತದೆ, ಮತ್ತು ಸಿಹಿ ಹೂರಣಕ್ಕೆ ಎದುರಾಗಿ ಹೊರಗಡೆ ಒಂದಿಷ್ಟು ಹುಳಿರುಚಿ ಇರುವುದು ತಿನ್ನುವಾಗ ಹಿತವೆನಿಸುತ್ತದೆ. ಮೊಸರು ಕಲಸಿದ ನಂತರ ನೀರನ್ನು ಚಮಚ ಚಮಚವಾಗಿಯೇ ಹಾಕಬೇಕು, ಏಕೆಂದರೆ ಮೊಸರು ಎಷ್ಟು ಗಟ್ಟಿಯಾಗಿದೆ ಎಂಬುದರ ಮೇಲೆ ನೀರಿನ ಪ್ರಮಾಣ ಏರಿಳಿಯುತ್ತದೆ. ಹಿಟ್ಟು ಒಂದಾದೊಡನೆ ನಾದುವುದನ್ನು ನಿಲ್ಲಿಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಅಷ್ಟರಲ್ಲಿ ರವೆ ನೆನೆದು ಮೆತ್ತಗಾಗುತ್ತದೆ. ಮೇ ತಿಂಗಳಲ್ಲಿ ನಮ್ಮ ಊರುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ತುಪ್ಪ ಕರಗಿ ಹಿಟ್ಟು ಕೈಗೆ ಅಂಟುತ್ತದೆ. ಆ ದಿನಗಳಲ್ಲಿ ಹಿಟ್ಟನ್ನು ಫ್ರಿಜ್ಜಿನಲ್ಲಿಟ್ಟು, ನಸುಕಿನಲ್ಲಿಯೇ ಕೆಲಸ ಮುಗಿಸುವುದು ವಾಸಿ.

ಹಿಟ್ಟನ್ನು ಹನ್ನೆರಡು ಉಂಡೆ ಮಾಡಿ, ಒಂದೊಂದನ್ನೂ ಹನ್ನೆರಡು ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸಬೇಕು. ನಡುವೆ ಎರಡೂವರೆ ಮಿಲಿಮೀಟರ್ ದಪ್ಪ ಇರಲಿ, ಅಂಚು ಸ್ವಲ್ಪ ತೆಳ್ಳಗಿರಲಿ, ಏಕೆಂದರೆ ಅಂಚು ಮಡಚಿದಾಗ ಇಮ್ಮಡಿಯಾಗುತ್ತದೆ, ದಪ್ಪವಿದ್ದರೆ ಒಳಗೆ ಹಸಿಯಾಗಿ ಉಳಿಯುತ್ತದೆ. ಲಟ್ಟಿಸುವಾಗ ಒಣ ಹಿಟ್ಟು ಹಚ್ಚಬಾರದು. ಅದು ಎಣ್ಣೆಗೆ ಉದುರಿ ಸೀದು ತಳದಲ್ಲಿ ಕೂರುತ್ತದೆ, ಮತ್ತು ಅಂಚು ಅಂಟಿಕೊಳ್ಳಲೂ ಬಿಡುವುದಿಲ್ಲ. ಮಣೆಗೆ ಒಂದು ಹನಿ ಎಣ್ಣೆ ಸವರಿದರೆ ಸಾಕು.

ಹೂರಣವನ್ನು ಹಾಳೆಯ ಅರ್ಧಭಾಗದಲ್ಲಿ, ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಒಳಗೆ ಇಡಬೇಕು. ಅಂಚಿಗೆ ಹೂರಣ ತಾಗಿದರೆ ಅಲ್ಲಿ ಎಷ್ಟು ಒತ್ತಿದರೂ ಅಂಟುವುದಿಲ್ಲ. ತಾಗಿದ್ದೇ ಆದರೆ ಒದ್ದೆ ಬಟ್ಟೆಯಿಂದ ಒರೆಸಿ ಮುಂದುವರಿಯಬೇಕು. ಒಂದು ಚಮಚ ಮೈದಾವನ್ನು ಎರಡು ಚಮಚ ನೀರಿನಲ್ಲಿ ಕದಡಿದ ಅಂಟನ್ನು ಅಂಚಿನ ಸುತ್ತ ಬೆರಳಿನಿಂದ ತೆಳ್ಳಗೆ ಸವರಿ, ಇನ್ನರ್ಧವನ್ನು ಮಡಚಿ ಮೇಲೆ ತರಬೇಕು. ಆಮೇಲೆ ಮೊದಲು ಹೂರಣದ ಬದಿಯಲ್ಲಿ ಬೆರಳಿಟ್ಟು, ಅಲ್ಲಿಂದ ಅಂಚಿನ ಕಡೆಗೆ ಒತ್ತುತ್ತ ಹೋಗಬೇಕು. ಒಳಗೆ ಗಾಳಿ ಸಿಕ್ಕಿಹಾಕಿಕೊಂಡರೆ ಅದೂ ಎಣ್ಣೆಯಲ್ಲಿ ಹಿಗ್ಗಿ ಅಂಚನ್ನು ತಳ್ಳುತ್ತದೆ. ಅಂಚಿನಿಂದಲೇ ಒತ್ತಲು ಆರಂಭಿಸಿದರೆ ಆ ಗಾಳಿಗೆ ಹೊರಬರಲು ದಾರಿಯೇ ಇರುವುದಿಲ್ಲ.

ಕರ್ಚಿಕಾಯಿಯ ಅಂಚನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚಿಕ್ಕ ಚಿಕ್ಕದಾಗಿ ಮಡಚುತ್ತ ಹೆಣೆಯುವುದು ನಮ್ಮ ಹಿರಿಯ ಹೆಣ್ಣುಮಕ್ಕಳ ಕೈಚಳಕ, ಮತ್ತು ಹಣ್ಣಿನ ಹೂರಣಕ್ಕೆ ಅದಕ್ಕಿಂತ ಭದ್ರವಾದ ವಿಧಾನ ಇನ್ನೊಂದಿಲ್ಲ. ಅಮೆರಿಕದವರು ಮುಳ್ಳುಚಮಚದಿಂದ ಒತ್ತಿ ಗೆರೆ ಮೂಡಿಸುತ್ತಾರೆ. ಹೆಣೆಯಲು ಬಾರದವರು ಹಾಗೆ ಮಾಡಬಹುದು, ಆದರೆ ಮುಳ್ಳು ಹಾಳೆಯನ್ನು ತೂತು ಮಾಡದಂತೆ ಹಗುರವಾಗಿ ಒತ್ತಬೇಕು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಅಚ್ಚಿನ ಬಗ್ಗೆ ನನಗೆ ಒಲವಿಲ್ಲ. ಒಣ ಹೂರಣಕ್ಕೆ ಅದು ಸರಿ, ಹಣ್ಣಿನ ಹೂರಣವನ್ನಾದರೆ ಅಚ್ಚು ಮುಚ್ಚುವಾಗ ಅಂಚಿಗೇ ತಳ್ಳಿಬಿಡುತ್ತದೆ. ಹಲ್ಲಿನ ಗಾಲಿಯಿಂದ ಅಂಚು ಕೊರೆಯುವವರು ಮೊದಲು ಬೆರಳಿನಿಂದ ಚೆನ್ನಾಗಿ ಒತ್ತಿ, ಆಮೇಲೆಯೇ ಗಾಲಿ ಆಡಿಸಬೇಕು. ಸಿದ್ಧವಾದವುಗಳನ್ನು ತಟ್ಟೆಯಲ್ಲಿ ಹರಡಿ, ಒಣ ಬಟ್ಟೆ ಮುಚ್ಚಿ, ಕಾಲು ಗಂಟೆ ಬಿಟ್ಟರೆ ಅಂಟು ಹಿಡಿದುಕೊಳ್ಳುತ್ತದೆ.

ಕರಿಯಲು ಶೇಂಗಾ ಎಣ್ಣೆ ಅಥವಾ ರಿಫೈಂಡ್ ಕುಸುಬಿ ಎಣ್ಣೆ ಒಳ್ಳೆಯದು. ಕುಸುಬಿ ನಮ್ಮ ಕರಿ ಮಣ್ಣಿನ ಹಿಂಗಾರಿ ಬೆಳೆ, ಗಾಣದ ಕುಸುಬಿ ಎಣ್ಣೆಯ ರುಚಿಗೆ ಸಮನಾದದ್ದು ಇನ್ನೊಂದಿಲ್ಲ; ಆದರೆ ಶುದ್ಧೀಕರಿಸದ ಆ ಎಣ್ಣೆ ಕಡಿಮೆ ಕಾವಿಗೇ ಹೊಗೆಯಾಡುವುದರಿಂದ ಅದನ್ನು ಚಟ್ನಿಪುಡಿಗೆ ಕಲಸಿಕೊಳ್ಳಲು ಉಳಿಸಿಕೊಳ್ಳಬೇಕೇ ಹೊರತು ಕರಿಯಲು ಸುರಿಯಬಾರದು. ದಪ್ಪ ತಳದ ಬಾಣಲೆಯಲ್ಲಿ ಐದಾರು ಸೆಂಟಿಮೀಟರ್ ಆಳಕ್ಕೆ ಎಣ್ಣೆ ಹಾಕಬೇಕು, ಅರ್ಧಕ್ಕಿಂತ ಮೇಲೆ ತುಂಬಬಾರದು.

ಎಣ್ಣೆಯ ಕಾವು 175 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರಬೇಕು. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಕಡಲೆಕಾಳಿನಷ್ಟು ಹಿಟ್ಟನ್ನು ಬಿಟ್ಟು ನೋಡಬೇಕು. ಅದು ತಳಕ್ಕೆ ಹೋಗಿ ಅಲ್ಲಿಯೇ ಕೂತರೆ ಎಣ್ಣೆ ಕಾದಿಲ್ಲ. ಮುಳುಗದೆ ಮೇಲೆಯೇ ಸುತ್ತಿ ಕೂಡಲೇ ಕಂದಾದರೆ ಅತಿಯಾಗಿ ಕಾದಿದೆ. ತಳ ಮುಟ್ಟಿ ಮೂರ್ನಾಲ್ಕು ಸೆಕೆಂಡಿನಲ್ಲಿ ಗುಳ್ಳೆಗಳೊಂದಿಗೆ ಮೇಲೆದ್ದರೆ ಹದವಾಗಿದೆ. ಕಾವು ಕಡಿಮೆಯಾದರೆ ಹಾಳೆ ಎಣ್ಣೆ ಕುಡಿಯುತ್ತದೆ. ಹೆಚ್ಚಾದರೆ ಮೇಲೆ ಬಣ್ಣ ಬಂದರೂ ಮಡಿಕೆಯ ಒಳಗಿನ ಹಿಟ್ಟು ಹಸಿಯಾಗಿರುತ್ತದೆ.

ಒಮ್ಮೆಗೆ ಮೂರಕ್ಕಿಂತ ಹೆಚ್ಚು ಬಿಡಬಾರದು, ಏಕೆಂದರೆ ತಣ್ಣಗಿನ ಹಿಟ್ಟು ಬಿದ್ದೊಡನೆ ಎಣ್ಣೆಯ ಕಾವು ಇಳಿಯುತ್ತದೆ. ಕರ್ಚಿಕಾಯಿಯನ್ನು ಬಾಣಲೆಯ ಅಂಚಿನಿಂದ ಜಾರಿಸಿ ಬಿಟ್ಟು, ಮೊದಲ ಅರ್ಧ ನಿಮಿಷ ಮುಟ್ಟದೆ ಬಿಡಬೇಕು. ಹಾಳೆ ಇನ್ನೂ ಮೆತ್ತಗಿರುವಾಗ ಜಾಲರಿ ಸೌಟು ತಾಗಿದರೆ ಅಂಚು ಬಿಚ್ಚುತ್ತದೆ. ಸುತ್ತಲೂ ಏಳುವ ಗುಳ್ಳೆಗಳನ್ನು ಗಮನಿಸಬೇಕು. ಅವು ಅಂಚಿನುದ್ದಕ್ಕೂ ಸಮನಾಗಿ ಏಳುತ್ತಿದ್ದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಒಂದೇ ಕಡೆಯಿಂದ ರಭಸವಾಗಿ ನುಗ್ಗುತ್ತಿದ್ದರೆ ಅಲ್ಲಿ ಬಿರುಕು ಬಿಟ್ಟಿದೆ. ಅಂಥದ್ದನ್ನು ಕಾಯದೆ ತೆಗೆದುಬಿಡಬೇಕು, ಇಲ್ಲದಿದ್ದರೆ ಸೋರಿದ ಸಕ್ಕರೆ ಸುಟ್ಟು ಉಳಿದವುಗಳಿಗೂ ಕಹಿ ಹತ್ತುತ್ತದೆ. ಎರಡು ನಿಮಿಷದ ಮೇಲೆ ತಿರುವಿ, ಇನ್ನೆರಡು ನಿಮಿಷ ಕರಿದರೆ ಹೊಂಬಣ್ಣ ಬರುತ್ತದೆ, ಗುಳ್ಳೆಗಳ ಸದ್ದೂ ಇಳಿಯುತ್ತದೆ. ಪ್ರತಿ ಸುತ್ತಿನ ನಂತರ ಎಣ್ಣೆಯಲ್ಲಿ ತೇಲುವ ಚೂರುಗಳನ್ನು ತೆಗೆದು, ಕಾವು ಮತ್ತೆ ಏರುವವರೆಗೆ ತಡೆಯಬೇಕು.

ತೆಗೆದವುಗಳನ್ನು ಕಾಗದದ ಮೇಲೆ ಮಲಗಿಸದೆ ತಂತಿ ಜಾಲರಿಯ ಮೇಲೆ ನಿಲ್ಲಿಸಬೇಕು. ಕಾಗದದ ಮೇಲೆ ಅದರದೇ ಆವಿ ತಳವನ್ನು ಮೆತ್ತಗೆ ಮಾಡುತ್ತದೆ. ಹೊರಗಿನ ಹಾಳೆ ಬೇಗ ಆರಿದರೂ ಒಳಗಿನ ಸಕ್ಕರೆಯ ಹೂರಣ ಬಹಳ ಹೊತ್ತು ಕುದಿಬಿಸಿಯಾಗಿರುತ್ತದೆ, ಆದ್ದರಿಂದ ಕಾಲು ಗಂಟೆ ಕಳೆಯದೆ ಮಕ್ಕಳ ಕೈಗೆ ಕೊಡಲೇಬಾರದು. ಮೇಲೆ ಪುಡಿ ಸಕ್ಕರೆ ಉದುರಿಸುವುದಾದರೆ ಬೆಚ್ಚಗಿರುವಾಗ ಉದುರಿಸಬೇಕು. 100 ಗ್ರಾಂ ಪುಡಿ ಸಕ್ಕರೆಗೆ ಒಂದೂವರೆ ಚಮಚ ಹಾಲು ಕಲಸಿ ಸವರುವ ಪದ್ಧತಿಯೂ ಇದೆ. ಖುಬಾನಿಯ ಹೂರಣಕ್ಕೆ ಅದು ಒಪ್ಪುತ್ತದೆ, ಪೇರಲ ಮತ್ತು ಬಾಳೆಗೆ ಸಿಹಿ ಅತಿಯಾಗುತ್ತದೆ.

ಇವು ಹಬ್ಬದ ಕರ್ಚಿಕಾಯಿಯಂತೆ ಡಬ್ಬಿಯಲ್ಲಿ ಇಡುವ ತಿನಿಸಲ್ಲ. ಕರಿದ ದಿನವೇ ಉತ್ತಮ, ಮರುದಿನವಾದರೆ ಸಣ್ಣ ಉರಿಯ ಹಂಚಿನ ಮೇಲೆ ಎರಡೂ ಬದಿ ಬಿಸಿ ಮಾಡಿ ತಿನ್ನಬಹುದು. ಬರಿಯ ಹೂರಣ ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಹೆಚ್ಚು ಮಾಡಿಡಬೇಕೆನ್ನುವವರು ಹಸಿ ಕರ್ಚಿಕಾಯಿಗಳನ್ನು ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ನಂತರ ಚೀಲಕ್ಕೆ ತುಂಬಿ ಒಂದು ತಿಂಗಳವರೆಗೆ ಇಡಬಹುದು. ಕರಿಯುವಾಗ ಮೇಲಿನ ಹಿಮದ ಹುಡಿಯನ್ನು ಪೂರ್ತಿ ಒರೆಸಬೇಕು, ಏಕೆಂದರೆ ಅದು ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ. ಕರಗಲು ಬಿಡದೆ, ಎಣ್ಣೆಯನ್ನು 160 ಡಿಗ್ರಿಗೆ ಇಳಿಸಿ, ಆರೇಳು ನಿಮಿಷ ನಿಧಾನವಾಗಿ ಕರಿದರೆ ಒಳಗಿನವರೆಗೂ ಬಿಸಿಯಾಗುತ್ತದೆ.